ಹಳೇ ದಂಡೆಗೆ ಐದೇ ಹಾಡು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೇತುವೆ ಪಕ್ಕದ ವಿದ್ಯುತ್ ಉಪಕೇಂದ್ರದ ಅಂಗಳದಲ್ಲಿ ಶಾರ್ಷೆನ್ ಅಣ್ಣ ಪೊರಕೆ ಹಿಡಿದು ಹಿಮ ಗುಡಿಸುತ್ತಿದ್ದಾರೆ. ತಲೆಗೆ ಕಿವಿ ಮುಚ್ಚುವ ತುಪ್ಪಳದ ಟೋಪಿ, ಕಾಲಿಗೆ ಉಣ್ಣೆಯ ಬೂಟು, ಬಾಯಲ್ಲಿ ಬೈಗುಳ. ಬೈಗುಳ ಹಿಮಕ್ಕಲ್ಲ, ಒಳಗಿನ ಯಂತ್ರದ ಬಿಸಿಗೆ ಮೈ ಕಾಯಿಸಲು ಕಿಟಕಿಯಲ್ಲಿ ಬಂದು ಕೂತ ಬೆಕ್ಕಿಗೆ. "ಏಯ್, ಸುಟ್ಟು ಕರಕಲಾಗ್ತೀಯ, ಎದ್ದು ಹೋಗು! ನಿಮ್ಮಪ್ಪನ ಮನೆಯೇನೇ ಇದು?" ಬೆಕ್ಕು ಒಂದು ಕಣ್ಣು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಣ್ಣ ಅದನ್ನು ಬಿಟ್ಟು ಒಳಗೆ ಹೋಗುತ್ತಾರೆ, ಮುಳ್ಳು ಮೀಟರುಗಳ ಮುಂದೆ ಒಂದು ಸುತ್ತು ಹಾಕುತ್ತಾರೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದನ್ನು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. ಆಮೇಲೆ ಚಹಾಕ್ಕೆ ನೀರಿಡುತ್ತಾರೆ.

ಈ ತಿಂಗಳ ಕೊನೆಗೆ ಅವರ ಕೆಲಸ ಮುಗಿಯುತ್ತದೆ. ಮುಂದೆ ನಮ್ಮ ತಾಶ್‌ಕೊಪುರೊ ಊರಿನ ಕರೆಂಟನ್ನು ರಾಜಧಾನಿಯಿಂದಲೇ ಗುಂಡಿ ಒತ್ತಿ ನೋಡಿಕೊಳ್ಳುತ್ತಾರಂತೆ. ನಲವತ್ತು ವರ್ಷಕ್ಕೆ ಹತ್ತಿರ ಇದೇ ಕೋಣೆಯಲ್ಲಿ ಕಳೆದ ಮನುಷ್ಯನ ಬಗ್ಗೆ ಪೇಪರಿಗೆ ಒಂದಿಷ್ಟು ಬರೆಯೋಣವೆಂದು ಬಂದಿದ್ದೇನೆ. ಅವರಿಗೆ ನಗು. "ನನ್ನ ಬಗ್ಗೆ ಏನಮ್ಮ ಬರೀತೀಯ? ಹಾಕಿದೆ, ತೆಗೆದೆ, ಹಾಕಿದೆ, ತೆಗೆದೆ. ಮುಗೀತು. ಎರಡು ಸಾಲು ಸಾಕು."

ಸಾಲದು. ಯಾಕೆಂದರೆ ನಾನೂ ಹಳೇ ದಂಡೆಯವಳು. ನದಿಯ ಈಚೆಗೆ ಹಳೇ ದಂಡೆ, ಆಚೆಗೆ ಹೊಸ ದಂಡೆ, ನಡುವೆ ಕಲ್ಲಿನ ಸೇತುವೆ. ಇವತ್ತಿಗೂ ನಮ್ಮ ದಂಡೆಯ ನಡುವಯಸ್ಕರನ್ನು ನಿಲ್ಲಿಸಿ ಕೇಳಿ, ಆ ಕಾಲದ ಕೆಳಗಿನ ಐದು ಹಾಡುಗಳನ್ನು ತಪ್ಪಿಲ್ಲದೆ ಹಾಡುತ್ತಾರೆ. ಮೊದಲನೇ ಸ್ಥಾನದ ಹಾಡು ಯಾವುದಿತ್ತು ಅಂದರೆ ಆಕಾಶ ನೋಡುತ್ತಾರೆ. ನಮ್ಮನ್ನು ಹೀಗೆ ಮಾಡಿದ್ದು ಇದೇ ಶಾರ್ಷೆನ್ ಅಣ್ಣ. ಊರು ಅವರಿಗೆ ಕೊಟ್ಟ ಬಿರುದು 'ಕತ್ತಲೆ ಶಾರ್ಷೆನ್'.

ತೊಂಬತ್ಮೂರರ ಚಳಿಗಾಲ. ಕೆಂಪು ಬಾವುಟದ ಹಳೇ ದೇಶ ಮುಗಿದು ಹೊಸ ದೇಶ ಶುರುವಾಗಿತ್ತು. ಹೊಸ ಬಾವುಟ ಬಂತು, ಹೊಸ ನೋಟು ಬಂತು, ಕರೆಂಟ್ ಮಾತ್ರ ಹೋಯಿತು. ಒಂದು ದಂಡೆಗೆ ಸಾಲುವಷ್ಟು ಕರೆಂಟಿನಲ್ಲಿ ಎರಡು ದಂಡೆ ಬದುಕಬೇಕಿತ್ತು. ಊರಿನ ಹಿರಿಯರು ಕೂತು ಹಂಚಿದರು. ಸಂಜೆ ಏಳೂವರೆಯವರೆಗೆ ಹಳೇ ದಂಡೆಗೆ, ಆಮೇಲೆ ಹೊಸ ದಂಡೆಗೆ. ಉಪಕೇಂದ್ರದ ಹಿಡಿಕೆ ಎಳೆದು ದಂಡೆ ಬದಲಿಸುವ ಕೆಲಸ ಶಾರ್ಷೆನ್ ಅಣ್ಣನದು. ಬೇಕರಿ ಇದ್ದದ್ದು ಹೊಸ ದಂಡೆಯಲ್ಲಿ. ಏಳೂವರೆಗೆ ಹಿಟ್ಟು ನಾದುವ ಯಂತ್ರ ಶುರುವಾದರೆ ಬೆಳಗ್ಗೆ ಎರಡೂ ದಂಡೆಗೆ ರೊಟ್ಟಿ. ಈ ಲೆಕ್ಕಕ್ಕೆ ಯಾರೂ ತಕರಾರು ಮಾಡಲಿಲ್ಲ, ರೊಟ್ಟಿ ಎಲ್ಲರಿಗೂ ಬೇಕಿತ್ತಲ್ಲ.

ತಕರಾರು ಇದ್ದದ್ದು ಶನಿವಾರದ ಬಗ್ಗೆ. ಶನಿವಾರ ಏಳಕ್ಕೆ ಟಿ.ವಿ.ಯಲ್ಲಿ 'ಹತ್ತು ಮೆಟ್ಟಿಲು' ಬರುತ್ತಿತ್ತು. ಅಯ್ಯೋ, ಅದನ್ನು ನೆನೆದರೆ ಈಗಲೂ ಕಣ್ಣು ಗಡಿಯಾರದ ಕಡೆ ಹೋಗುತ್ತದೆ! ಬಣ್ಣ ಬಳಿದ ಹಲಗೆಯ ಮೆಟ್ಟಿಲು, ಭುಜ ಎರಡು ಪಟ್ಟು ಅಗಲ ಕಾಣುವ ಕೋಟು ತೊಟ್ಟ ನಿರೂಪಕಿ, ಎಲ್ಲಿಂದಲೋ ಉಕ್ಕಿ ಬಂದು ಹಾಡುವವನನ್ನೇ ಮುಚ್ಚಿಬಿಡುವ ಹೊಗೆ. ವೈರೇ ಸಿಕ್ಕಿಸದ ಗಿಟಾರು ಮೊರೆಯುತ್ತಿತ್ತು, ನಮಗೆ ಅನುಮಾನವೇ ಬರುತ್ತಿರಲಿಲ್ಲ. ಜನ ಕಾರ್ಡು ಬರೆದು ಆರಿಸಿದ ಹತ್ತು ಹಾಡುಗಳು. ನಿರೂಪಕಿ ಹತ್ತನೆಯದರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಆರನೆಯ ಹಾಡು ಮುಗಿಯುವ ಹೊತ್ತಿಗೆ ಏಳೂವರೆ. ನಮ್ಮ ಮನೆಗಳು ಕತ್ತಲು, ಆಚೆ ದಂಡೆಯ ಕಿಟಕಿಗಳೆಲ್ಲ ಒಮ್ಮೆಗೇ ಬೆಳಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ನಾವು ಹಾಗೇ ಇದ್ದೆವು. ನಾಳೆ ಸೌದೆ ಇದೆಯೋ ಇಲ್ಲವೋ ಎಂಬ ಚಿಂತೆಗಿಂತ ಐದನೇ ಹಾಡು ಯಾವುದೆಂಬ ಚಿಂತೆಯೇ ದೊಡ್ಡದಾಗಿತ್ತು.

ಕರೆಂಟ್ ಹೋದರೂ ಟೆಲಿಫೋನ್ ಸಾಯುತ್ತಿರಲಿಲ್ಲ. ಹಾಗಾಗಿ ಒಂದು ಪದ್ಧತಿಯೇ ಬೆಳೆಯಿತು. ಏಳೂವರೆಯಾಗುತ್ತಲೇ ಹೊಸ ದಂಡೆಯ ನೆಂಟರಿಗೆ ಫೋನ್ ಮಾಡುವುದು, ಅವರು ರಿಸೀವರನ್ನು ಟಿ.ವಿ. ಮುಂದೆ ಹಿಡಿಯುವುದು, ಈಚೆ ನಾವು ಆರೇಳು ಜನ ಕತ್ತಲಲ್ಲಿ ಒಂದೇ ರಿಸೀವರಿಗೆ ಕಿವಿ ತುರುಕುವುದು. "ಏ ತಲೆ ತೆಗಿಯೇ, ನಿನ್ನ ಜಡೆ ನನ್ನ ಬಾಯೊಳಗೆ ಬಂತು" ಎಂಬ ಜಗಳದ ನಡುವೆ ಕೇಳಿದ್ದೇ ಸಂಗೀತ.

ಅಂಥದ್ದರಲ್ಲಿ ಶಾರ್ಷೆನ್ ಅಣ್ಣನ ತಮ್ಮ ಮೆಲಿಸ್‌ನ ಹಾಡು ಬಂತು. ರಾಜಧಾನಿಗೆ ಹೋಗಿ ಟ್ರಾಲಿಬಸ್ ಓಡಿಸಿಕೊಂಡು ಹಾಡುತ್ತಿದ್ದ ಹುಡುಗ. ಘಾಟಿಯಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ಲಾರಿಯವನೊಬ್ಬ ಮನೆಯ ಒಲೆಯನ್ನು ನೆನೆಯುವ ಹಾಡು. ಬಂದದ್ದೇ ನೇರ ಐದನೇ ಮೆಟ್ಟಿಲಿಗೆ! ಹೊಸ ದಂಡೆಯಲ್ಲಿ ಕುಣಿದಾಡಿದರು. ನಮ್ಮ ದಂಡೆಯಲ್ಲಿ, ಅವನು ಹುಟ್ಟಿ ಬೆಳೆದ ಬೀದಿಯಲ್ಲಿ, ಗಾಢಾಂಧಕಾರ. ತಾಯಿ ಬುರ್ಮಾಕಾನ್ ಅವ್ವ ಆಗಷ್ಟೇ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದರು. ಜಾರುಬಂಡಿಯ ಮೇಲೆ ಕೂರಿಸಿ ಆಚೆ ದಂಡೆಗೆ ಎಳೆದೊಯ್ಯುತ್ತೇವೆಂದು ನೆರೆಯವರು ಅಂದರೆ, "ಹೆಣ ಸಾಗಿಸೋ ಹಾಗೆ ಸಾಗಿಸ್ತೀರೇನ್ರೋ? ನನ್ನ ಮಗ ನನ್ನ ಮನೆಗೇ ಬರ್ಲಿ" ಎಂದು ಗದರಿದರು. ಫೋನಿನಲ್ಲಿ ಹಾಡು ಕೇಳಿಸಿಕೊಂಡರು. ಕೇಳಿ ಮುಗಿಸಿ, "ಪಾಪಿ, ಇನ್ನೊಂದೇ ಒಂದು ಮೆಟ್ಟಿಲು ಕೆಳಗೆ ನಿಲ್ಲಬಾರದಿತ್ತಾ?" ಎಂದು ಕಣ್ಣೊರೆಸಿಕೊಂಡರು.

ಮುಂದಿನ ವಾರ ಹಾಡು ಮೂರಕ್ಕೇರಿತು. ಅದರ ಮುಂದಿನ ವಾರ ಎರಡಕ್ಕೆ. ಒಂದನೇ ಸ್ಥಾನಕ್ಕೆ ಬಂದರೆ ಕ್ಯಾಸೆಟ್ ಹೊರತರುವುದಾಗಿ ರಾಜಧಾನಿಯ ವ್ಯಾಪಾರಿಯೊಬ್ಬ ಮೆಲಿಸ್‌ಗೆ ಮಾತು ಕೊಟ್ಟಿದ್ದ. ಅದು ನಮಗಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಇಷ್ಟೇ, ಹುಡುಗ ಏರುತ್ತಲೇ ಇದ್ದಾನೆ, ಅವನ ಮುಖ ಮಾತ್ರ ಹೆತ್ತವಳಿಗೆ ಕಂಡಿಲ್ಲ.

"ಹಾಡು ಐದರಲ್ಲಿದ್ದಾಗಲೇ ಅವ್ವ ಹತ್ತು ನಿಮಿಷ ಹೆಚ್ಚಿಗೆ ಕೇಳಿದ್ಲು," ಎನ್ನುತ್ತಾರೆ ಶಾರ್ಷೆನ್ ಅಣ್ಣ, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು. "ಹತ್ತೇ ನಿಮಿಷ ತಡವಾಗಿ ಹಿಡಿಕೆ ಎಳಿ, ಯಾರ ಗಂಟು ಹೋಗುತ್ತೆ ಅಂದ್ಲು. ಆಗಲ್ಲ ಅಂದೆ. ಇವತ್ತು ನನ್ನ ತಮ್ಮ. ನಾಳೆ ಇನ್ನೊಬ್ಬನ ಮದುವೆ, ನಾಡಿದ್ದು ಮತ್ತೊಬ್ಬನ ನಾಮಕರಣ. ಆಚೆ ದಂಡೆಯವರಿಗೂ ಅವ್ವಂದಿರು ಇದ್ದಾರಲ್ಲಮ್ಮ. ಅವ್ವ ದಿಂಬು ಎಸೆದ್ಲು ನನ್ನ ಮೇಲೆ. ಗುರಿ ಚೆನ್ನಾಗಿತ್ತು."

ಮಗ ಬಗ್ಗದಿದ್ದರೇನು, ಅವ್ವನ ತಲೆ ಓಡಿತು. ದೀಪವನ್ನು ಹಾಡಿನ ತನಕ ಎಳೆಯಲಾಗದಿದ್ದರೆ ಹಾಡನ್ನೇ ದೀಪದ ತನಕ ಎಳೆದರಾಯಿತು! ಬೀದಿಯ ಹೆಂಗಸರನ್ನೆಲ್ಲ ಕರೆಸಿದರು. ಎರಡನೇ ಮೆಟ್ಟಿಲಿನಲ್ಲಿರುವ ಮಗ ಆರಕ್ಕಿಳಿಯಬೇಕು. ಇಳಿಯಬೇಕಾದರೆ ಉಳಿದವರು ಏರಬೇಕು. ಹೊಸ ಕಾರ್ಡು ಎಲ್ಲಿಯೂ ಸಿಗುತ್ತಿರಲಿಲ್ಲ. ಹಳೇ ಕಾಲದ ಮೇ ದಿನದ ಶುಭಾಶಯದ ಕಾರ್ಡುಗಳು ಮನೆಮನೆಯ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿದ್ದವು. ಕೆಂಪು ಬಾವುಟದ ಆ ಕಾರ್ಡುಗಳ ಮೇಲೆ ನಮ್ಮ ದಂಡೆಯ ಹೆಂಗಸರು ಮೆಲಿಸ್‌ನ ಎದುರಾಳಿಗಳ ಹೆಸರು ಬರೆದರು. ನನ್ನಮ್ಮ ತಾನು ಬರೆದ ಗಾಯಕನನ್ನು 'ಕಪ್ಪೆ' ಅಂತಲೇ ಕರೆಯುತ್ತಿದ್ದಳು, ಆದರೂ ಹಲ್ಲು ಕಚ್ಚಿಕೊಂಡು ಅವನಿಗೇ ಬರೆದಳು. ಮೂಟೆ ಕಟ್ಟಿ ಬಸ್ಸಿನವನ ಕೈಗೆ ಕೊಟ್ಟರು. ಆ ಬರಗಾಲದಲ್ಲಿ ಬೇರೆ ಊರಿನವರು ಎಷ್ಟು ಕಾರ್ಡು ಬರೆದಾರು? ಮೆಲಿಸ್‌ನನ್ನು ಮೇಲೇರಿಸಿದ್ದೂ ಮುಕ್ಕಾಲುಪಾಲು ನಮ್ಮೂರೇ, ಈಗ ಕಾಲು ಹಿಡಿದು ಎಳೆದದ್ದೂ ನಮ್ಮೂರೇ.

ಬಂದ ಶನಿವಾರವೇ ಹಾಡು ಆರಕ್ಕೆ ಇಳಿಯಿತು. ಬುರ್ಮಾಕಾನ್ ಅವ್ವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟಿ.ವಿ.ಯನ್ನು ಹಾಸಿಗೆಯ ಪಕ್ಕಕ್ಕೇ ಎಳೆದಿದ್ದರು. ಹೊಗೆ ಸರಿಯಿತು, ಮೆಲಿಸ್ ಕಂಡ. ಅವ್ವ ಕೈಚಾಚಿ ಗಾಜಿನ ಮೇಲೆ ಅವನ ಕೆನ್ನೆ ಇದ್ದಲ್ಲಿ ಬೆರಳಿಟ್ಟರು. ಅವನು ಅತ್ತಿತ್ತ ಓಡಾಡಿದ ಕಡೆಯೆಲ್ಲ ಆ ಬೆರಳೂ ಓಡಾಡಿತು. ಹಾಡು ಮುಗಿಯಿತು, ದೀಪ ಹೋಯಿತು, ಕತ್ತಲಲ್ಲೇ ಎಲ್ಲರೂ ಚಪ್ಪಾಳೆ ಹೊಡೆದೆವು. ನಾನು ನನ್ನ ಜೀವನದಲ್ಲಿ ಅಷ್ಟು ಸಂತೋಷದ ಕತ್ತಲನ್ನು ಮತ್ತೆ ನೋಡಿಲ್ಲ.

ಆ ಹಾಡು ಮತ್ತೆ ಮೇಲೇರಲಿಲ್ಲ. ವಾರದೊಳಗೆ ಹೊಸ ಹಾಡುಗಳು ಬಂದವು, ಮೆಲಿಸ್ ಮೆಟ್ಟಿಲಿನಿಂದಲೇ ಹೊರಬಿದ್ದ. ಕ್ಯಾಸೆಟ್ಟಿನವನು ಕೈಯೆತ್ತಿದ. ವಸಂತದ ನೊರೂಜ್ ಹಬ್ಬಕ್ಕೆ ಊರಿಗೆ ಬಂದವನು ಊಟದ ನಡುವೆ ಕೇಳಿದ, "ನಮ್ಮ ದಂಡೆಯ ಕಾರ್ಡೇ ನಿಂತುಹೋಯ್ತಂತೆ. ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?" ಕೂತವರೆಲ್ಲ ತಟ್ಟೆ ನೋಡಿದರು. ಅವ್ವ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ಆಗ ಶಾರ್ಷೆನ್ ಅಣ್ಣ ಬಾಯಿ ತೆರೆದರು. "ನಾನು ದೀಪ ತೆಗೀತಿದ್ದೆ. ನಮ್ಮ ದಂಡೆಯವರಿಗೆ ನೀನು ಕಾಣ್ಲಿಲ್ಲ. ಕಾಣದ್ದನ್ನ ಜನ ಮರೀತಾರೆ." ಮೆಲಿಸ್ ಕೇಳಿದ, "ತಮ್ಮನಿಗೆ ಅಂತ ಹತ್ತು ನಿಮಿಷ ಆಗ್ಲಿಲ್ವಾ?" "ಇಲ್ಲ," ಎಂದರು ಇವರು. ಅಲ್ಲಿಗೆ ಮುಗಿಯಿತು.

ಅಂದಿನಿಂದ ಮೆಲಿಸ್ ತನ್ನ ಅಣ್ಣನ ಜೊತೆ ಮಾತಾಡಿಲ್ಲ. ರಾಜಧಾನಿಯಲ್ಲಿ ಮದುವೆಗಳಿಗೆ ಹಾಡುತ್ತಾನೆ, ಹಬ್ಬಕ್ಕೆ ತಪ್ಪದೆ ಬರುತ್ತಾನೆ, ಎದುರಿಗೇ ಕೂತು "ಆ ಮನುಷ್ಯನಿಗೆ ಉಪ್ಪು ಕೊಡೋಕೆ ಹೇಳಿ" ಅನ್ನುತ್ತಾನೆ. ಮೂವತ್ತು ವರ್ಷ ದಾಟಿತು. ಹಳೇ ದಂಡೆಯ ಪ್ರತಿ ಹೆಂಗಸಿಗೂ ಸತ್ಯ ಗೊತ್ತು. ಒಬ್ಬಳೂ ಉಸಿರೆತ್ತಿಲ್ಲ. ನಮ್ಮ ದಂಡೆಯ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವವರಿಗೆ ಈ ಮಾತು ಮುಟ್ಟಲಿ.

"ಯಾಕಣ್ಣ ನಿಮ್ಮ ಮೇಲೆ ಹಾಕ್ಕೊಂಡ್ರಿ?" ಎಂದೆ.

"ಇನ್ನೇನು ಮಾಡ್ಲಿ? ನನ್ನ ಜೊತೆ ಮಾತು ಬಿಟ್ರೆ ಒಬ್ಬ ಅಣ್ಣನ ಜೊತೆ ಬಿಟ್ಟ ಹಾಗಾಯ್ತು. ಅವ್ವನ ಜೊತೆ ಬಿಟ್ಟಿದ್ರೆ?" ಎಂದು ಎದ್ದು ಮೀಟರಿನ ಕಡೆ ನೋಡುತ್ತಾ ನಿಂತರು. "ದೀಪ ತೆಗೆದದ್ದು ಸುಳ್ಳೇನಲ್ಲವಲ್ಲ."

ಪಾಳಿ ಮುಗಿದ ಮೇಲೆ ಇಬ್ಬರೂ ಮನೆಗೆ ನಡೆದೆವು. ಎಂಬತ್ತಾರರ ಬುರ್ಮಾಕಾನ್ ಅವ್ವ ಕಿಟಕಿ ಪಕ್ಕ ಚಾಪೆಯ ಮೇಲೆ ಕೂತು ಬೋರ್ಸೊಕ್ ಎಂಬ ಹಿಟ್ಟಿನ ತುಣುಕು ಕರಿಯುವ ಸೊಸೆಗೆ ಉಪ್ಪಿನ ಬಗ್ಗೆ ಬುದ್ಧಿ ಹೇಳುತ್ತಿದ್ದರು. ನಾನು ಯಾಕೆ ಬಂದಿದ್ದೇನೆಂದು ತಿಳಿಯುತ್ತಲೇ ಮಾತು ನಿಲ್ಲಿಸಿದರು. "ಪೇಪರಿನಲ್ಲಿ ಇವನ ಬಗ್ಗೆ ಬರೀತೀಯಾ? ತಮ್ಮನಿಗೆ ದೀಪ ಕೊಡದ ಅಣ್ಣ ಅಂತ ಬರೀತೀಯಾ?"

"ಅವ್ವ, ಬಿಡು ಆ ವಿಷಯ," ಎಂದರು ಶಾರ್ಷೆನ್ ಅಣ್ಣ.

"ನೀನು ಸುಮ್ನಿರು. ಮೂವತ್ತು ವರ್ಷ ನಿನ್ನ ಮಾತು ಕೇಳಿ ಬಾಯಿ ಮುಚ್ಕೊಂಡಿದ್ದೆ, ಸಾಕು. ಫೋನ್ ಹಚ್ಚಿ ಕೊಡು ಅವನಿಗೆ." ಅಣ್ಣ ಕದಲಲಿಲ್ಲ. ಅವ್ವ ಫೋನನ್ನು ನನ್ನ ಮಡಿಲಿಗೆ ಎಸೆದರು. ನನಗೆ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೂ ಹಚ್ಚಿಕೊಟ್ಟೆ. ಅವ್ವನಿಗೆ ಕಿವಿ ಮಂದ, ಹಾಗಾಗಿ ಫೋನಿನ ಮಾತು ಇಡೀ ಮನೆಗೆ ಕೇಳುತ್ತಿತ್ತು.

"ಮೆಲಿಸ್, ಮಧ್ಯೆ ಬಾಯಿ ಹಾಕಬೇಡ, ಕೇಳು. ನಿನ್ನನ್ನ ಕೆಳಗೆ ಇಳಿಸಿದ್ದು ನಾನು ಕಣೋ. ಅಣ್ಣ ಅಲ್ಲ. ಬೀದಿಯವರ ಕೈಲೆಲ್ಲ ಬೇರೆಯವರಿಗೆ ಕಾರ್ಡು ಬರೆಸಿದೆ. ಆರಕ್ಕೆ ಬಂದ್ರೆ ಕಾಣ್ತೀಯಲ್ಲ ಅಂತ. ಇಷ್ಟಕ್ಕೆಲ್ಲ ನಿನ್ನ ಬಾಳೇ ತಿರುಗುತ್ತೆ ಅಂತ ನನಗೇನು ಗೊತ್ತು? ಅವನು ನನ್ನ ಉಳಿಸೋಕೆ ಸುಳ್ಳು ಹೇಳಿದ. ಈಗ ಬೈಯೋದಿದ್ರೆ ನನ್ನ ಬೈ."

ಲೈನು ಹೋಯಿತೇನೋ ಎಂದು ಫೋನ್ ನೋಡಿದೆ, ಹೋಗಿರಲಿಲ್ಲ. ಬಾಣಲೆ ಒಲೆಯಿಂದ ಇಳಿಸಿ ಸೊಸೆಯೂ ಬಂದು ನಿಂತಳು. ಶಾರ್ಷೆನ್ ಅಣ್ಣ ಗೋಡೆ ನೋಡುತ್ತಿದ್ದರು.

"ಅವ್ವಾ," ಎಂದ ಮೆಲಿಸ್ ಕೊನೆಗೆ. "ಕಂಡೆನಾ ನಾನು?"

"ಕಂಡೆ ಕಣೋ ನನ್ನಪ್ಪಾ. ಪೂರ್ತಿ ಕಂಡೆ. ಕೆಂಪು ಕೋಟು ಹಾಕಿದ್ದೆ. ತಲೆ ಮೇಲೆ ಟೋಪಿ ಇರ್ಲಿಲ್ಲ, ಶೀತ ಆಗುತ್ತಲ್ಲ ಅಂತ ಅಂದ್ಕೊಂಡೆ."

ಅವನು ನಕ್ಕನೋ ಅತ್ತನೋ ಹೇಳಲಾರೆ, ಎರಡೂ ಇದ್ದಂತಿತ್ತು. ನಾನಂತೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ. ಆಮೇಲೆ ಅವನು, "ಅಣ್ಣನಿಗೆ ಕೊಡು" ಎಂದ.

ಶಾರ್ಷೆನ್ ಅಣ್ಣ ಫೋನನ್ನು ಕಿವಿಗೊತ್ತಿಕೊಂಡು ಬಾಗಿಲಾಚೆ ಹೋದರು. ಅವನೇನಂದನೋ ಕೇಳಿಸಲಿಲ್ಲ. ಇವರು ಮಾತ್ರ, "ಹ್ಞೂಂ... ಹ್ಞೂಂ... ಬಾ. ಇವತ್ತೇ ಹೊರಡ್ತೀಯಾ? ಚಕ್ರಕ್ಕೆ ಸರಪಳಿ ಹಾಕ್ಕೊಂಡು ಬಾ, ಘಾಟಿಯಲ್ಲಿ ಹಿಮ ಜಾಸ್ತಿ ಇದೆ" ಎಂದರು. ಒಳಗೆ ಬಂದು ಯಾರ ಮುಖವನ್ನೂ ನೋಡದೆ ಎರಡು ಬೋರ್ಸೊಕ್ ಒಟ್ಟಿಗೇ ಬಾಯಿಗೆ ಹಾಕಿಕೊಂಡರು.

ನನ್ನನ್ನು ಬೀಳ್ಕೊಡಲು ಬಾಗಿಲ ತನಕ ಬಂದವರು ಕೇಳಿದರು, "ಎಲ್ಲಾನೂ ಬರೀತೀಯಾ?"

"ಬರೀತೀನಿ."

"ಅವ್ವ ಒಬ್ಬಳೇ ಅಂತ ಬರೀಬೇಡ. ನಿಮ್ಮಮ್ಮನೂ ಇದ್ಲು."

"ಅದನ್ನೂ ಬರೀತೀನಿ."

ಅಣ್ಣ ಟೋಪಿಯ ಅಂಚು ಸರಿಮಾಡಿಕೊಂಡರು. "ಇನ್ನೊಂದು ಬರಿ. ಆ ಶನಿವಾರ ಹಾಡು ಮುಗೀತೋ ಇಲ್ವೋ ನನಗೆ ಗೊತ್ತಿರ್ಲಿಲ್ಲ. ಉಪಕೇಂದ್ರದಲ್ಲಿ ಟಿ.ವಿ. ಇರ್ಲಿಲ್ಲ. ನಾನು ಗಡಿಯಾರ ನೋಡಿ ಎಳೆದೆ, ಒಂದು ಕ್ಷಣಾನೂ ಹೆಚ್ಚು ಕೊಡಲಿಲ್ಲ. ಅವ್ವ ನೋಡಿದ್ದು ನಮ್ಮ ದಂಡೆಯ ಪಾಲಿನ ಬೆಳಕಲ್ಲೇ."