ದಲ್ಲಾಳಿ ದ್ಯಾಮಪ್ಪ ಐಬು ಹೇಳಿದ್ದು

ಬೆಳ್ಳಟ್ಟಿಯ ದ್ಯಾಮಪ್ಪ ಎತ್ತಿನ ದಲ್ಲಾಳಿ. ಲಕ್ಷ್ಮೇಶ್ವರ, ಮುಂಡರಗಿ ಕಡೆಯ ದನದ ಸಂತೆಗಳಲ್ಲಿ ಅವನ ಹೆಗಲ ಮೇಲಿನ ಟವೆಲನ್ನು ಅರಿಯದವರಿಲ್ಲ. ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅಲ್ಲಿಲ್ಲ. ಕೊಳ್ಳುವವನ ಕೈಯನ್ನು ಟವೆಲಿನ ಕೆಳಗೆ ಹಿಡಿದು, ಬೆರಳು ಒತ್ತಿಯೇ ಅಂಕಿ ತಿಳಿಸಬೇಕು. ಸುತ್ತ ನಿಂತವರಿಗೆ ಸುಳಿವು ಸಿಗಬಾರದು. ಮಾರುವ ದನದ ಐಬನ್ನು ದಲ್ಲಾಳಿ ತಾನಾಗಿ ಹೇಳಬಾರದು ಎಂಬುದು ದ್ಯಾಮಪ್ಪನ ಇನ್ನೊಂದು ನಿಯಮ. ಕುಂಟುವ ಎತ್ತನ್ನು "ಗಂಭೀರ ನಡಿಗಿ" ಎನ್ನುತ್ತಿದ್ದ. ಹಾಯುವ ಎತ್ತನ್ನು "ಹುರುಪಿನ ದನ" ಎನ್ನುತ್ತಿದ್ದ.

ಈ ನಿಯಮವನ್ನೇ ಅವನು ಮನೆಗೂ ತಂದ. ಹೆಂಡತಿ ಶಾರದವ್ವನಿಗೆ ಮರೆವು ಹತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಬಿದ್ದರೆ, "ನಾನ ಹಾಕು ಅಂದಿದ್ದೆ" ಎಂದು ಉಂಡುಬಿಡುತ್ತಿದ್ದ. ಉಪ್ಪೇ ಇಲ್ಲದ ದಿನ, "ಬಿಪಿಗೆ ಚಲೋ" ಎನ್ನುತ್ತಿದ್ದ. ಸೊಸೆ ಕಾಂಚನಾ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು.

ಅವನಿಗಿದ್ದದ್ದು ಒಂದೇ ಅಂಜಿಕೆ. ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ "ಧಾರವಾಡಕ್ಕ ಕಳಸ್ರಿ ಇವನ್ನ" ಎಂದು ಗೇಲಿ ಮಾಡುವುದು ನಮ್ಮ ಕಡೆಯ ರೂಢಿ. ಬುದ್ಧಿ ಕೆಟ್ಟವರ ಆಸ್ಪತ್ರೆ ಅಲ್ಲಿರುವುದರಿಂದ ಹುಟ್ಟಿದ ಮಾತು ಅದು. ಮರೆವಿನ ಕಾಯಿಲೆಯನ್ನು ಮೊದಲೇ ಪತ್ತೆ ಹಚ್ಚಲು ಸರಕಾರದವರು ಮನೆಮನೆಗೆ ಬಂದು ಹಿರಿಯರನ್ನು ಪರೀಕ್ಷಿಸುತ್ತಾರೆ ಎಂಬ ಖಬರು ಬಂದಾಗ, ದ್ಯಾಮಪ್ಪನಿಗೆ ಆ ಗೇಲಿಯೇ ಖರೆ ಎನಿಸಿತು. ಉತ್ತರ ತಪ್ಪಿದರೆ ಶಾರದವ್ವನನ್ನು ಜೀಪು ಹತ್ತಿಸಿ ಒಯ್ಯುತ್ತಾರೆ ಎಂದುಕೊಂಡ.

ಆಶಾ ಕಾರ್ಯಕರ್ತೆ ಶೇಖವ್ವ ಬಂದ ದಿನ ಅವನು ಹೆಂಡತಿಯ ಮಗ್ಗುಲಲ್ಲೇ ಕುಳಿತು, ಇಬ್ಬರ ಕೈಗಳ ಮೇಲೂ ಟವೆಲು ಹೊದಿಸಿಕೊಂಡ.

"ಟವೆಲ ಯಾಕ ಕಾಕಾ?"

"ಥಂಡಿ ಐತೆವಾ."

ಆಗ ಏಪ್ರಿಲ್ ತಿಂಗಳು. ಶೇಖವ್ವ ಸೆರಗಿನಿಂದ ಬೆವರೊರೆಸಿಕೊಂಡು ಶಾರದವ್ವನತ್ತ ತಿರುಗಿದಳು.

"ಚಿಗವ್ವಾ, ಇವತ್ತ ತಾರೀಖ ಎಷ್ಟ್ರಿ?"

ಟವೆಲು ತುಸು ಅಲುಗಿತು. "ಹದಿನೈದು."

"ತಿಂಗಳಾ?"

"ನಾಕನೇದ್ದು."

"ನೂರರಾಗ ಏಳ ಕಳದ್ರ?"

"ತೊಂಬತ್ಮೂರು."

"ಇಷ್ಟ ಜಲ್ದಿ ನನಗೂ ಬರಂಗಿಲ್ಲ," ಎಂದಳು ಶೇಖವ್ವ.

ಸಂತೆಯಿಂದ ಬಂದ ರಾತ್ರಿಗಳಲ್ಲಿ ದ್ಯಾಮಪ್ಪ ಅಡುಗೆಮನೆಯಲ್ಲಿ ಕುಳಿತು, ಅಂದಿನ ವ್ಯಾಪಾರವನ್ನು ಹೆಂಡತಿಯ ಕೈಯಲ್ಲೇ ಒತ್ತಿ ತೋರಿಸುತ್ತಿದ್ದ. ಮುಂಜಾನೆ ಉಂಡದ್ದು ಮರೆತರೂ ಹರೆಯದಲ್ಲಿ ಕಲಿತ ಆ ಬೆರಳಿನ ಲೆಕ್ಕ ಆಕೆಗೆ ಮರೆತಿರಲಿಲ್ಲ.

"ಈಗ ಮೂರ ಹೆಸರ ಹೇಳತೀನಿ, ನೀವೂ ಹೇಳ್ರಿ. ಕೊಡ, ಬೇವಿನ ಗಿಡ, ಆಕಳ."

ಬೇವಿನ ಗಿಡವನ್ನು ಬೆರಳಿನಲ್ಲಿ ಒತ್ತುವುದು ಹೇಗೆ? ಗಾಬರಿಯಲ್ಲಿ ದ್ಯಾಮಪ್ಪನ ಕೈ ತನಗೆ ಗೊತ್ತಿದ್ದನ್ನೇ ಒತ್ತಿತು.

"ಮೂವತ್ತೆರಡ ಸಾವಿರ," ಎಂದಳು ಶಾರದವ್ವ ಗಟ್ಟಿಯಾಗಿ.

"ಯಾವುದಕ್ಕ ಚಿಗವ್ವಾ?"

"ಕೊಳ್ಳಾಕ ಬಂದಾಕಿ ನೀನು, ನನ್ನ ಕೇಳತೀಯಲ್ಲ. ಒಂದ ರೂಪಾಯಿ ಕಡಿಮಿ ಆಗಂಗಿಲ್ಲ. ಬೇಕಾದ್ರ ಹಗ್ಗ ಪುಕ್ಕಟ ಒಯ್ಯಿ."

ಕಾಂಚನಾ ಸೆರಗು ಬಾಯಿಗೆ ಒತ್ತಿಕೊಂಡಳು. ಶೇಖವ್ವನಿಗೂ ನಗು ಬಂದಿತ್ತು, ಆದರೆ ದ್ಯಾಮಪ್ಪನ ಮುಖ ನೋಡಿ ನುಂಗಿಕೊಂಡಳು. ಆಮೇಲೆ ಅತ್ತೆ-ಸೊಸೆ ಇಬ್ಬರನ್ನೂ ಚಹಾ ಮಾಡಲು ಒಳಗೆ ಕಳಿಸಿ, ತನ್ನ ಕೈಯನ್ನು ಟವೆಲಿನ ಕೆಳಗೆ ಇಟ್ಟಳು.

"ಬಾಯಿಲೆ ಹೇಳಬ್ಯಾಡ್ರಿ ಕಾಕಾ. ಹಿಂಗಾಗಿ ಎಷ್ಟ ವರ್ಷ ಆತು?"

ದ್ಯಾಮಪ್ಪ ಎರಡು ಬೆರಳು ಒತ್ತಿದ. ಶೇಖವ್ವ ಕೈ ತೆಗೆಯಲಿಲ್ಲ. ಮೂರನೆಯದನ್ನೂ ಒತ್ತಿದ.

"ಧಾರವಾಡಕ್ಕ ಒಯ್ತೀರೇನವಾ ಅಕಿನ್ನ?"

"ಯಾರೂ ಎಲ್ಲೂ ಒಯ್ಯಂಗಿಲ್ಲ. ಗದಗಿನ ದವಾಖಾನ್ಯಾಗ ತೋರಸ್ಕೊಂಡು ಸಂಜಿ ಬಸ್ಸಿಗೆ ಹೊಳ್ಳಿ ಬರೂಣು. ಇದು ಹುಚ್ಚಲ್ಲ ಕಾಕಾ, ರೋಗ."

ಗದಗಿನಲ್ಲಿ ವೈದ್ಯೆ ಜಾಹ್ನವಿ ರಕ್ತ ಪರೀಕ್ಷೆ ಮಾಡಿಸಿ, ತಲೆಯ ಚಿತ್ರ ತೆಗೆಸಿ, ಗುಳಿಗೆ ಬರೆದುಕೊಟ್ಟರು. ಈ ರೋಗ ಪೂರ್ತಿ ವಾಸಿಯಾಗುವುದಲ್ಲ ಎಂದು ತಿಳಿಸಿ ಹೇಳಿದರು. ದ್ಯಾಮಪ್ಪ ಅದನ್ನು ಚೌಕಾಸಿಯ ಮೊದಲ ಬೆಲೆ ಎಂದು ತಿಳಿದ.

"ಪೂರಾ ಬ್ಯಾಡ್ರಿ ಡಾಕ್ಟರಬಾಯಾರ, ಅರ್ಧಾ ನೆನಪ ಹೊಳ್ಳಿ ಕೊಡ್ರಿ ಸಾಕು."

"ಹೋದದ್ದು ಬರೂದಿಲ್ಲ ಅಜ್ಜಾರ."

"ಕಾಲ ಭಾಗ?"

"ಇದ್ದದ್ದನ್ನ ಸ್ವಲ್ಪ ದಿನ ಹೆಚ್ಚಿಗಿ ಉಳಸ್ಕೋಬಹುದು. ಬಿಪಿ, ಸಕ್ಕರಿ ಹತೋಟಿಯಾಗ ಇರ್ಲಿ. ದಿನಾ ಅಡ್ಡಾಡಲಿ, ಮಂದಿ ಕೂಡ ಮಾತಾಡಲಿ. ಓಣಿಯವ್ರಿಗೆ ಹೇಳಿ ಇಡ್ರಿ, ಮುಚ್ಚಬ್ಯಾಡ್ರಿ."

ದ್ಯಾಮಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಆತು," ಎಂದ.

ಮರುದಿನ ಅವನು ಕಟ್ಟೆಯ ಮೇಲೆ ಕುಳಿತವರ ಮುಂದೆ ನಿಂತು ಹೇಳಿದ. "ನಮ್ಮಾಕಿಗೆ ಮರವಿನ ರೋಗ ಐತಿ. ದಾರಿ ತಪ್ಪಿದ್ರ ಮನಿಗೆ ಕರಕೊಂಡ ಬರ್ರಿ."

ಅವನ ಓರಗೆಯ ಮುತ್ತಣ್ಣ ಕೆಣಕಿದ. "ಜೀವಮಾನದಾಗ ಒಂದೂ ಐಬ ಹೇಳಿದಾವ ಅಲ್ಲ ನೀ. ಇವತ್ತೇನಾತಲೇ?"

"ಮಾರೂ ದನದ್ದು ಹೇಳಬಾರದು. ಇದು ಮಾರೂದಲ್ಲ."

ಓಣಿಯವರು ಮಾತು ನಡೆಸಿಕೊಟ್ಟರು, ಅದೂ ಅತಿಯಾಗಿಯೇ. ಶಾರದವ್ವ ಹಿಟ್ಟಿನ ಗಿರಣಿಗೆ ಹೊರಟರೆ ಎದುರು ಮನೆಯ ರಹಿಮತಬಿ ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದಳು. ಮತ್ತೆ ಹೊರಟರೆ ಮುತ್ತಣ್ಣ ತಂದು ಬಿಡುತ್ತಿದ್ದ. ಜೋಳ ಮಾತ್ರ ಡಬ್ಬಿಯಲ್ಲೇ ಉಳಿಯುತ್ತಿತ್ತು.

"ಈ ಊರಾಗ ಹೆಣ್ಮಗಳು ಹೊಸ್ತಲ ದಾಟಾಕ ಬಿಡವಲ್ರು," ಎಂದು ಆಕೆ ಬೈದಳು.

ಕೊನೆಗೆ ದ್ಯಾಮಪ್ಪ ಸಂತೆಗೆ ಹೋಗುವುದನ್ನು ಕಡಿಮೆ ಮಾಡಿ, ತಾನೇ ಜೊತೆಗೆ ಹೊರಟ. ಮಗ್ಗುಲಲ್ಲಿ ಯಾರಾದರೂ ನಡೆದರೆ ಆಕೆಗೆ ಸಿಟ್ಟು. ಆದ್ದರಿಂದ ನಾಲ್ಕು ಮಾರು ಹಿಂದೆ ನಡೆಯುತ್ತಾನೆ. ಮೊನ್ನೆ ಶಾರದವ್ವ ತಿರುಗಿ ನೋಡಿ, ಬಾಗಿಲಲ್ಲಿ ನಿಂತಿದ್ದ ರಹಿಮತಬಿಗೆ ಮೆಲ್ಲಗೆ ಹೇಳಿದಳು.

"ಯಾರೋ ಬೆನ್ನ ಹತ್ಯಾರ ನೋಡ ನನಗ."

"ಅಂವ ನಿನ್ನ ಗಂಡ, ಬೇ."

ಶಾರದವ್ವ ಇನ್ನೊಮ್ಮೆ ತಿರುಗಿ, ಮೇಲಿಂದ ಕೆಳಗಿನವರೆಗೆ ಅವನನ್ನು ನೋಡಿದಳು.

"ಬರ್ಲಿ ಬಿಡು," ಎಂದಳು. "ಡಬ್ಬಿ ಹೊರಾಕ ಬೇಕಾಗ್ತಾನ."