ಕುಬರಾ ಕಡಿಯಗೊಡದ ಗಿಡ

ಔರಾದ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ, ಅಮರನಾಥ ಅವರ ಕಬ್ಬಿಣ ಸಾಮಾನಿನ ಅಂಗಡಿಯ ಮುಂದೆ ಒಂದು ಗುಲ್‌ಮೊಹರ್ ಮರವಿದೆ. ಅದರ ಕೆಳಗೆ ನದೀಮ ಚಹಾ ಮಾರುತ್ತಿದ್ದ. ಮೇ ತಿಂಗಳ ಒಂದು ಮಧ್ಯಾಹ್ನ ಏಕಾಏಕಿ ಗಾಳಿ ಎದ್ದಿತು. ಚಹಾ ಕುಡಿಯುತ್ತಿದ್ದವರೆಲ್ಲ ಅಂಗಡಿಯೊಳಗೆ ಓಡಿದರು. ನದೀಮ ಒಲೆ ಆರಿಸಲು ಹಿಂದೆ ಉಳಿದ. ಮೈತುಂಬ ಹೂ ಹೊತ್ತಿದ್ದ ಟೊಂಗೆಯೊಂದು ಕಿತ್ತು ಅವನ ಮೇಲೆ ಬಿತ್ತು. ಬೀದರಿನ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಹೆಂಡತಿ ಕುಬರಾಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. ಮನೆಯಲ್ಲಿ ಅತ್ತೆ ಕುಲಸುಮಬೀ, ಶಾಲೆಗೆ ಹೋಗುವ ಮಗಳು ಗುಡಿಯಾ. ಗಂಡ ತೀರಿದ ಹೆಣ್ಣು ಮನೆಯೊಳಗೇ ಕಳೆಯಬೇಕಾದ ಇದ್ದತ್‌ನ ನಾಲ್ಕು ತಿಂಗಳು ಮುಗಿಯುವವರೆಗೆ ಕುಬರಾ ಹೊಸ್ತಿಲು ದಾಟಲಿಲ್ಲ. ಅದು ಮುಗಿಯಿತೆಂದು ತಿಳಿದ ಮೇಲೆ ಅಮರನಾಥ ಮನೆಗೆ ಬಂದರು. ಮರ ಅವರ ಜಾಗದ್ದು. ಅಂಗಡಿಯ ಬೋರ್ಡಿಗೆ ಅಡ್ಡ ಬರುತ್ತದೆಂದು ಕೆಲವು ವರ್ಷಗಳ ಹಿಂದೆ ಅದರ ತಲೆ ಕಡಿಸಿದವರೂ ಅವರೇ.

“ಆ ಗಿಡ ನೋಡೂದು ನನಗೂ ಆಗವಲ್ದು, ತಂಗಿ. ಬುಡಕ್ಕೇ ಕಡಿಸಿ ಹಾಕ್ತೇನಿ. ನಿಮಗ ಹೇಳಿ ಹೋಗೂಣು ಅಂತ ಬಂದೆ,” ಎಂದರು.

“ಕಡಸ್ರಿ,” ಎಂದಳು ಕುಲಸುಮಬೀ ಒಳಗಿನಿಂದ. “ಇವತ್ತೇ ಕಡಸ್ರಿ.”

ಕುಬರಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದಳು. “ಬ್ಯಾಡ್ರಿ ಅಣ್ಣಾ. ಇನ್ನ ಮ್ಯಾಲ ನಾನು ಅಲ್ಲೇ ಚಾ ಇಡ್ತೇನಿ. ನೆಳ್ಳಿಲ್ಲಂದ್ರ ಈ ಊರ ಬಿಸಲಾಗ ಯಾರು ಬಂದು ಕೂಡ್ತಾರ್ರಿ?”

ಕಾರಣ ಅದೊಂದೇನಾ ಎಂದು ಆಮೇಲೆ ಹಲವರು ಅವಳನ್ನು ಕೇಳಿದ್ದಾರೆ. ಬೇರೆ ಉತ್ತರ ಯಾರಿಗೂ ಸಿಕ್ಕಿಲ್ಲ. ಗಂಡನನ್ನು ತಿಂದ ಗಿಡವನ್ನು ಸಾಕುತ್ತಾಳೆ ಎಂದು ಓಣಿಯಲ್ಲಿ ಆಡಿಕೊಂಡರು. ಕುಲಸುಮಬೀ ಸೊಸೆಯ ಜೊತೆ ಮಾತು ಬಿಟ್ಟಳು. ಪೇಟೆಗೆ ಹೋಗಬೇಕಾದಾಗ ಆ ರಸ್ತೆ ತಪ್ಪಿಸಿ ಸುತ್ತು ಹಾಕಿ ಹೋಗತೊಡಗಿದಳು.

ಮತ್ತೊಂದು ಟೊಂಗೆ ಬಿದ್ದರೆ ಏನು ಗತಿ ಎಂಬ ದಿಗಿಲು ಅಮರನಾಥರದು. ಭಾಲ್ಕಿ ಕಡೆಯ ತೋಟಗಳಲ್ಲಿ ಮರ ಹತ್ತಿ ಸವರುವ ಖಟಕ ಚಿಂಚೋಳಿ ಎಂಬ ಊರಿನ ಮಡೆಪ್ಪನಿಗೆ ಹೇಳಿಕಳಿಸಿದರು. ಮುದುಕ ಬಸ್ಸಿಳಿದು ಬಂದ, ಹತ್ತಿ ನೋಡಿದ, ಇಳಿದು ಕುಬರಾಳ ಹತ್ತಿರ ಕೂತ.

“ಇವು ಮೊದಲಿನ ಟೊಂಗಿ ಅಲ್ಲವ್ವಾ. ತಲಿ ಕಡದ್ರ ಗಿಡ ಗಾಬರಿ ಆಗ್ತದ. ಕಡದ ಜಾಗದ ಸುತ್ತ ಒಂದರ ಮಗ್ಗಲಿಗೆ ಒಂದು ಚಿಗುರು ನೆಟ್ಟಗ ಮ್ಯಾಲ ಎಬ್ಬಸ್ತದ. ಲಗೂನ ದಪ್ಪ ಆಗ್ತಾವ, ಖರೆ ಒಳಗಿನ ಕಟ್ಟಿಗಿಯೊಳಗ ಹಿಡಿತ ಇರೂದಿಲ್ಲ. ತೊಗಟಿಗಷ್ಟೇ ಅಂಟಿರ್ತಾವ.”

“ಅವರ ಮ್ಯಾಲ ಬಿದ್ದದ್ದು ಇಂಥದೇ ಏನ್ರಿ, ಕಾಕಾ?”

“ಹೌದವ್ವಾ. ಇಂಥದೇ.”

ಕುಬರಾ ತಲೆಯೆತ್ತಿ ಮೇಲಿನ ಟೊಂಗೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, ಎಲ್ಲವನ್ನೂ ಒಮ್ಮೆಗೇ ತೆಗೆಯಬಾರದೇಕೆ ಎಂದು ಕೇಳಿದಳು.

“ಹಂಗ ಮಾಡಿದ್ರ ಮತ್ತ ಇಮ್ಮಡಿ ಎಬ್ಬಸ್ತದ. ವರ್ಷಾ ಸ್ವಲ್ಪ ಸ್ವಲ್ಪ ತಗೀಬೇಕು. ಛಲೋ ಕುಂತವು ಕೆಲವು ಇಟ್ಕೊಂಡು ಅವನ್ನೇ ಟೊಂಗಿ ಮಾಡ್ಕೋಬೇಕು. ಅಷ್ಟಾದ್ರೂ ಬೀಳೂದಿಲ್ಲ ಅಂತ ನಾ ಮಾತು ಕೊಡೂದಿಲ್ಲ ನೋಡು.”

ಎಲೆ ಉದುರುವ ಕಾಲ ಬಂದಾಗ ಮಡೆಪ್ಪ ಕೆಲಸ ಹಿಡಿದ. ಒಲೆಯ ನೇರಕ್ಕಿದ್ದ ಭಾರದ ಟೊಂಗೆಗಳನ್ನು ಹಗ್ಗ ಕಟ್ಟಿ ಮೊದಲು ಇಳಿಸಿದ. ಕೆಳಗಿನ ಚಿಗುರು ತೆಗೆಯುವುದನ್ನು ತಾನೂ ಕಲಿಯುತ್ತೇನೆಂದು ಕುಬರಾ ಏಣಿ ಹತ್ತಿದಳು. ಮೊದಮೊದಲು ಹೇಳಿದಂತೆ ಕೊಯ್ದಳು. ಬರುಬರುತ್ತ ಅವಳ ಕೈ ಜೋರಾಯಿತು. ಇಡಬೇಕೆಂದು ಮಡೆಪ್ಪ ಗುರುತು ಮಾಡಿದ್ದಕ್ಕೂ ಗರಗಸ ಹಾಕಿದಳು.

ಮಡೆಪ್ಪ ಕೆಳಗಿನಿಂದ ಕೈಚಾಚಿ ಗರಗಸ ಇಸಿದುಕೊಂಡ. “ಸಿಟ್ಟಿಲೆ ಕಡೀಬ್ಯಾಡವ್ವಾ,” ಎಂದ.

ಅವಳು ಏಣಿಯ ಮೇಲೆಯೇ ಕೂತು, ಕಾಂಡಕ್ಕೆ ಹಣೆ ಹಚ್ಚಿ ಅತ್ತಳು. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅಂಗಡಿಯ ಗಿರಾಕಿಗಳು ನೋಡುತ್ತಿದ್ದರು. ಅಮರನಾಥ ಆ ಗಿರಾಕಿಗಳನ್ನು ಒಳಗೆ ಕರೆದು ಬಾಗಿಲು ಅರ್ಧ ಮುಂದೆ ಮಾಡಿದರು.

ಅಲ್ಲಿಂದ ಮುಂದೆ ಅದು ಅವಳ ಕೆಲಸವಾಯಿತು. ಮಳೆ ಬಿದ್ದು ಹೊಸ ಚಿಗುರು ಎದ್ದಾಗ, ಎಳೆಯದಿರುವಾಗಲೇ ಹೆಬ್ಬೆರಳಿನಿಂದ ಉಜ್ಜಿ ತೆಗೆಯುತ್ತಿದ್ದಳು. ಬುಡದಲ್ಲಿ ಎದ್ದ ಮರಿ ಚಿಗುರುಗಳನ್ನು ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕೀಳುತ್ತಿದ್ದಳು. ಮೇಲಿನದು ಮಡೆಪ್ಪನ ಪಾಲು. ಅವನು ವರ್ಷಕ್ಕೊಮ್ಮೆ ಬರುತ್ತಿದ್ದ. ಗಾಳಿ ಎದ್ದರೆ ಮಾತ್ರ ಕುಬರಾ ಒಲೆ, ಹಾಲು ಯಾವುದನ್ನೂ ನೋಡುತ್ತಿರಲಿಲ್ಲ. ಕೂತವರನ್ನು ಎಬ್ಬಿಸಿಕೊಂಡು ಅಂಗಡಿಯೊಳಗೆ ನಡೆದುಬಿಡುತ್ತಿದ್ದಳು.

ಮೂರನೆಯ ಮಳೆಗಾಲದಲ್ಲಿ ಏಣಿ ಜಾರಿ ಅವಳ ಮಣಿಕಟ್ಟು ಮುರಿಯಿತು. ಒಂದು ಕೈಯಲ್ಲಿ ಚಹಾ ಕುದಿಸಬಹುದು, ಲೋಟ ತೊಳೆಯಲಾಗದು. ಅವಳು ಯಾರನ್ನೂ ಕರೆಯಲಿಲ್ಲ. ಮರುದಿನ ಬೆಳಿಗ್ಗೆ ಮನೆಯಿಂದ ಹೊರಟಾಗ ಕುಲಸುಮಬೀ ಬುರಖಾ ಹಾಕಿಕೊಂಡು ಹಿಂದೆಯೇ ಬಂದಳು. ಸುತ್ತು ಹಾಕಲಿಲ್ಲ.

ಮರದ ನೆರಳು ಶುರುವಾಗುವಲ್ಲಿ ಮುದುಕಿ ನಿಂತಳು. ಅವರ ಮನೆಮಾತು ದಖ್ಖನಿ ಉರ್ದು. ಎಷ್ಟೋ ದಿನಗಳ ಮೇಲೆ ಅವಳು ಸೊಸೆಗೆ ಆಡಿದ್ದು ಇಷ್ಟೇ: “ಎಲ್ಲಿಂದ ಬಿತ್ತು?”

ಕುಬರಾ ಒಳ್ಳೆಯ ಕೈ ಎತ್ತಿ ತೋರಿಸಿದಳು. ಟೊಂಗೆ ಹರಿದ ಜಾಗದಲ್ಲಿ ಸುತ್ತಲಿನ ತೊಗಟೆ ದಪ್ಪಗೆ ಒಳಸರಿದಿತ್ತು. ನಡುವಿನ ಒಣಕಟ್ಟಿಗೆ ಇನ್ನೂ ಕಾಣುತ್ತಿತ್ತು. ಕುಲಸುಮಬೀ ಕತ್ತು ನೋಯುವವರೆಗೆ ಅದನ್ನೇ ನೋಡಿದಳು. ಆಮೇಲೆ ಬಕೆಟ್ಟಿನ ಪಕ್ಕ ಕೂತು ಲೋಟಕ್ಕೆ ಕೈ ಹಾಕಿದಳು.

ಸೊಸೆಯ ಕೈ ಕೂಡಿದ ಮೇಲೂ ಅವಳು ಬರುವುದನ್ನು ನಿಲ್ಲಿಸಲಿಲ್ಲ. ನದೀಮನ ಮಾತು ಅವರಿಬ್ಬರ ನಡುವೆ ಈಗಲೂ ಬರುವುದಿಲ್ಲ. ಒಮ್ಮೊಮ್ಮೆ ಮಾತ್ರ ಕುಲಸುಮಬೀ ಲೋಟ ತೊಳೆಯುವುದನ್ನು ನಿಲ್ಲಿಸಿ ಮೇಲೆ ನೋಡುತ್ತಾಳೆ. “ಅಲ್ಲೊಂದು ಚಿಗುರು ಎದ್ದಿದೆ ನೋಡು,” ಎನ್ನುತ್ತಾಳೆ. ಕುಬರಾ ಏಣಿ ತರುತ್ತಾಳೆ. ಮುದುಕಿ ಎದ್ದು, ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದು ನಿಲ್ಲುತ್ತಾಳೆ.