ಲಾವಂಚದ ಗಿರಿಜಕ್ಕ

ಏನು ಕೊಟ್ಟರೂ ಗಿರಿಜಕ್ಕ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ಮಜ್ಜಿಗೆ, ಹೊಸ ಸೀರೆ, ಲಗ್ನಪತ್ರಿಕೆ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಬಹಳ ಹಿಂದೆ ನನ್ನ ಮಗಳನ್ನು ನೋಡಲು ಅಜ್ಜಂಪುರದಿಂದ ಬಂದಿದ್ದ ಹುಡುಗ ಬಿಚ್ಚಿಟ್ಟ ಕೋಟನ್ನೂ ಮೂಸಿ, ಅಡುಗೆಮನೆಗೆ ಬಂದು, "ಸಿಗರೇಟ್ ಮುಟ್ಟಲ್ಲ ಅಂದ್ನಲ್ಲ, ಸುಳ್ಳು ಕಣೇ" ಎಂದು ತೀರ್ಪು ಕೊಟ್ಟಿದ್ದಳು. ಪಕ್ಕದ ಮನೆಯವಳಿಗೆ ಇಷ್ಟು ಸಲಿಗೆ ಯಾಕೆ ಎಂದು ನನ್ನ ಗಂಡ ಸಿಡುಕಿದರು. ಸಂಬಂಧ ಮಾತ್ರ ಮುಂದುವರಿಯಲಿಲ್ಲ.

ಚೌಳಹಿರಿಯೂರಿನ ಕಡೆಯ ನಮ್ಮೂರ ಕೆರೆಕೋಡಿಯ ಹಳ್ಳದುದ್ದಕ್ಕೂ ಲಾವಂಚದ ಹುಲ್ಲಿದೆ. ಬೇಸಿಗೆಯಲ್ಲಿ ಅದರ ಬೇರನ್ನು ಕುಡಿಯುವ ನೀರಿನ ಮಡಕೆಗೆ ಹಾಕುವುದು ನಮ್ಮ ರೂಢಿ. ಅಗೆಯುವಾಗ ಗಿರಿಜಕ್ಕ ಕಾವಲು ನಿಲ್ಲುತ್ತಿದ್ದಳು. "ಅರ್ಧ ಬೇರು ಮಡಕೆಗೆ, ಅರ್ಧ ದಡಕ್ಕೆ. ಬುಡ ವಾಪಸ್ ನೆಟ್ಟು ಹೋಗ್ರೇ." ಆ ಬೇರು ಮಣ್ಣು ಹಿಡಿದಿರುವುದರಿಂದಲೇ ಕೋಡಿ ಬಿದ್ದಾಗ ನಮ್ಮೆಲ್ಲರ ತೆಂಗಿನ ತೋಟ ಕೊಚ್ಚಿಹೋಗದೆ ಉಳಿದಿದೆ.

ಹಳ್ಳ ಸ್ವಚ್ಛ ಮಾಡಲು ಜೆಸಿಬಿ ಬಂದ ದಿನ ಅವಳು ದಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಕಂಟ್ರಾಕ್ಟರ್ ನಯವಾಗಿಯೇ, "ಇದು ಬರೀ ಜೊಂಡು ಕಣಮ್ಮ, ಕಳೆ" ಎಂದ. ಅವಳು ಕೈಗೆ ಸಿಕ್ಕ ಬುಡ ಕಿತ್ತು, ಮೂಸಿ, "ಲಾವಂಚ. ನೀನೇ ನೋಡು" ಎಂದು ಚಾಚಿದಳು. ಅವನು ಮೂಸಿದ. ನಾನೂ ಮೂಸಿದೆ. ಬರೀ ಕೆಸರಿನ ವಾಸನೆ. ಸೇರಿದ್ದ ಜನ ನಕ್ಕರು.

"ಹೂಂ ಕಣ್ರೀ, ಕೊರೊನಾ ಬಂದಾಗಿಂದ ನಂಗೆ ವಾಸ್ನೆನೇ ಗೊತ್ತಾಗಲ್ಲ" ಎಂದಳು ಗಿರಿಜಕ್ಕ. "ಮೂಗು ಹೋಯ್ತು, ಕಾಲು ಹೋಗಿಲ್ಲ." ಅಷ್ಟು ದಿನ ನಮ್ಮೆದುರು ಬರೀ ಹಟಕ್ಕೆ ಮೂಸುತ್ತಿದ್ದಳೆಂದು ನನಗೆ ತಿಳಿದದ್ದೇ ಆಗ. ಅವಳಾಗಲೇ ಸೀರೆ ಎತ್ತಿಕಟ್ಟಿ ಹಳ್ಳಕ್ಕಿಳಿದಿದ್ದಳು. "ಜೊಂಡು ನಿಂತ ನೀರಿಂದು. ಲಾವಂಚಕ್ಕೆ ಬುಡ ಸವರ್ಕೊಂಡು ನೀರು ಹರೀಬೇಕು, ತಲೆಗೆ ಬಿಸ್ಲು ಬೇಕು." ಬರಿಗಾಲಲ್ಲಿ ಹರಿವನ್ನು ತಡವುತ್ತ ನಡೆದು, ತಿರುವಿನಲ್ಲಿ ನಿಂತು, ಇನ್ನೊಂದು ಬುಡ ಕಿತ್ತು ತಂದಳು. ಈ ಸಲ ಅದನ್ನು ಕೊಟ್ಟಿದ್ದು ಜೆಸಿಬಿ ಡ್ರೈವರನ ಕೈಗೆ. ಅವನು ಮೂಸಿದ, ಮತ್ತೆ ಮೂಸಿದ, ಎರಡು ಎಳೆ ಜೇಬಿಗಿಟ್ಟುಕೊಂಡು ಎಂಜಿನ್ ಆಫ್ ಮಾಡಿದ.

ಹೋದ ವರ್ಷ ಕಡೂರಿನ ಆಸ್ಪತ್ರೆಯಲ್ಲಿ ಅವಳನ್ನು ಕೊನೆಯ ಸಲ ನೋಡಿದೆ.

"ಆ ಜೆಸಿಬಿಯವ್ರು ಮತ್ತೆ ಬತ್ತಾರೆ ಕಣೇ" ಎಂದಳು.

"ಬರ್ಲಿ ಬಿಡಕ್ಕ, ಮೊದ್ಲು ನೀನು ಹುಷಾರಾಗು."

"ನಾನು ಹುಷಾರಾಗೋಗಂಟ ಕಾಯ್ತಾರಾ ಅವ್ರು? ನೀನ್ ಹೋಗಿ ಕೂತ್ಕೋ."

ಆ ವಾರವೇ ಹೋಗಿಬಿಟ್ಟಳು.

ಈ ಬೇಸಿಗೆಯಲ್ಲಿ ಬೇರೆ ಕಂಟ್ರಾಕ್ಟರ್, ಬೇರೆ ಜೆಸಿಬಿ ಬಂತು. ಒಬ್ಬಳೇ ಏನು ಮಾಡಲಿ ಎಂದು ಹೆದರುತ್ತಲೇ ಹಳ್ಳಕ್ಕೆ ಹೋದೆ. ದಡದ ಮೇಲೆ ಆಗಲೇ ಊರ ಹೆಂಗಸರು ಸಾಲಾಗಿ ಕೂತಿದ್ದರು. ಸರಿದು ನನಗೂ ಜಾಗ ಕೊಟ್ಟರು.